ಪೂರ್ತಿ ಒಂದು ನಿಮಿಷ

ನರ್ಸಿಂಗ್ ಕಾಲೇಜಿನಲ್ಲಿ ಮೇಡಂ ನಮಗೆ ಮೊದಲು ಕಲಿಸಿದ್ದು ಉಸಿರು ಎಣಿಸುವುದನ್ನು. ಇದೇನು ಮಹಾ ವಿದ್ಯೆ ಅನ್ನಿಸಬಹುದು, ನಮಗೂ ಹಾಗೇ ಅನ್ನಿಸಿತ್ತು. ರೋಗಿಯ ಮಣಿಕಟ್ಟು ಹಿಡಿದು, ನಾಡಿ ನೋಡುವವರ ಹಾಗೆ ಸುಮ್ನೆ ನಿಲ್ಲಬೇಕು. ಎದೆಗೆ ಪಿನ್ ಮಾಡಿದ ತಲೆಕೆಳಗಾದ ವಾಚಿನ ಮೇಲೆ ಒಂದು ಕಣ್ಣು, ಹೊದಿಕೆಯ ಏರಿಳಿತದ ಮೇಲೆ ಇನ್ನೊಂದು. ಎಣಿಸುತ್ತಿದ್ದೇವೆ ಅಂತ ರೋಗಿಗೆ ಗೊತ್ತಾದರೆ ಉಸಿರೇ ಬದಲಾಗಿಬಿಡುತ್ತದೆ. ಮೂವತ್ತು ಸೆಕೆಂಡು ಎಣಿಸಿ ದುಪ್ಪಟ್ಟು ಮಾಡಿ ಬರೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಪೂರ್ತಿ ಒಂದು ನಿಮಿಷ. ಅಷ್ಟೂ ಪುರುಸೊತ್ತಿಲ್ವಾ ನಿಮಗೆ?"

ಮಕ್ಕಳ ವಾರ್ಡಿಗೆ ಬಂದ ಮೇಲೆ ಆ ನಿಮಿಷದ ಬೆಲೆ ಗೊತ್ತಾಯಿತು. ಕೆಮ್ಮುವ ಮಗು ಎರಡು ತಿಂಗಳು ದಾಟಿ ವರ್ಷದೊಳಗಿದ್ದರೆ ನಿಮಿಷಕ್ಕೆ 50 ಉಸಿರು, ಒಂದರಿಂದ ಐದು ವರ್ಷದೊಳಗಿದ್ದರೆ 40. ಅಷ್ಟಾದರೆ, ಇಲ್ಲವೇ ಅದಕ್ಕಿಂತ ಜಾಸ್ತಿಯಾದರೆ, ನ್ಯುಮೋನಿಯಾ ಇರಬಹುದು ಅಂತ ಚಿಕಿತ್ಸೆ ಶುರು. ಎಕ್ಸ್‌ರೇ ಇಲ್ಲದ ಕಡೆ ಈ ಲೆಕ್ಕವೇ ಗತಿ. ಅವಸರದಲ್ಲಿ ನಾಲ್ಕು ಉಸಿರು ತಪ್ಪಿದರೆ ಮಗು ಔಷಧಿ ಇಲ್ಲದೆ ಮನೆಗೆ ಹೋಗುತ್ತದೆ.

ನಾವು ಕಾಲೇಜು ಬಿಟ್ಟ ಮೇಲೆ ಮೇಡಂ ಕೂಡ ಕೆಲಸ ಬಿಟ್ಟರು. ಮನೆತನದ ಆಸ್ತಿಯಲ್ಲಿ ಪಾಲು ಬಂದಿತ್ತು. ಅದನ್ನೆಲ್ಲ ಒಂದು ನಿಧಿಗೆ ಹಾಕಿ ಚಿಕ್ಕ ಆಸ್ಪತ್ರೆಗಳಿಗೆ ನೆರವು ಕೊಡತೊಡಗಿದರು. ದಾನಿ ಅಂತ ಯಾರಾದರೂ ಕರೆದರೆ ಮುಖ ಸಿಂಡರಿಸುತ್ತಿದ್ದರು.

ಕೊಡುವ ರೀತಿಯಲ್ಲಿ ಮಾತ್ರ ಅವರು ಹಳೇ ವಾರ್ಡ್ ಸಿಸ್ಟರೇ. ಅರ್ಜಿಯ ಮೇಲೆ ಆಸ್ಪತ್ರೆ ಮುಖ್ಯಸ್ಥರ ಸಹಿ ಇದ್ದರೆ ಸಾಲದು, ರಾತ್ರಿ ಪಾಳಿಯ ನರ್ಸ್ ಸಹಿಯೂ ಬೇಕು. ಹೇಳದೆ ಕೇಳದೆ ಹೋಗಿ ನೋಡುತ್ತಿದ್ದರು. ಮುಂಚೆ ತಿಳಿಸಿದರೆ ಬೆಡ್‌ಶೀಟುಗಳೆಲ್ಲ ಹೊಸದಾಗಿಬಿಡುತ್ತವೆ ಅನ್ನೋರು! ಹಾಗೆ ಒಮ್ಮೆ ಹೋದ ಕಡೆ ನಾನೂ ಜೊತೆಗಿದ್ದೆ. ಯಾರೋ ಕೊಟ್ಟ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ಕೊಡುವ ಯಂತ್ರ, ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು. ಮೇಲೆ ಕೊಟ್ಟವರ ಹೆಸರಿನ ಹೊಳೆಯುವ ಫಲಕ. ಮೇಡಂ ಬಗ್ಗಿ ಹಿಂಬದಿಯ ಫಿಲ್ಟರ್ ಹೊರಗೆಳೆದರು. ಅದು ಫಿಲ್ಟರ್ ಅಂತ ಗುರುತೇ ಸಿಗದಷ್ಟು ಕಪ್ಪಾಗಿತ್ತು. ಬದಲಿಸೋಕೆ ಇನ್ನೊಂದು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ಆಮೇಲಿಂದ ಅವರ ನಿಧಿ ಕೊಟ್ಟಿದ್ದೆಲ್ಲ ಹೆಚ್ಚಾಗಿ ಇಂಥವೇ: ಫಿಲ್ಟರ್, ರಕ್ತದಲ್ಲಿನ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಪ್ರೋಬ್, ಬ್ಯಾಟರಿ, ರಿಪೇರಿ ಮಾಡುವವರ ಸಂಬಳ. ಫೋಟೋ ಹೊಡೆಸಿಕೊಳ್ಳೋಕೆ ಒಂದೂ ಲಾಯಕ್ಕಿಲ್ಲ.

ದಾನದ ಔಷಧಿ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಔಷಧಿ ದಾನ ಪಡೆಯುವ ದೇಶ ತಲುಪುವ ಹೊತ್ತಿಗೆ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷ ಬಾಕಿ ಇರಬೇಕು. ಲೇಬಲ್ ಅಲ್ಲಿನ ವೈದ್ಯರಿಗೆ, ನರ್ಸ್‌ಗಳಿಗೆ ಓದಲು ಬರುವ ಭಾಷೆಯಲ್ಲಿರಬೇಕು. ನಮ್ಮಲ್ಲಿ ಬೇಡ ಅನ್ನಿಸಿದ ಗುಣಮಟ್ಟದ್ದನ್ನು ಇನ್ನೊಬ್ಬರಿಗೆ ದಾನ ಮಾಡಬಾರದು. ಈ ಕೊನೆಯದನ್ನು ಅವರು ತಮ್ಮ ಟೇಬಲ್ ಎದುರು ಅಂಟಿಸಿಕೊಂಡಿದ್ದರು.

ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದ್ದು ಆಮೇಲೆ. ಯುದ್ಧ, ನಿರಾಶ್ರಿತರು, ಲಸಿಕೆ, ಸಾಲ, ಹವಾಮಾನ, ಎಲ್ಲದರ ಬಗ್ಗೆಯೂ ಬರೆದರು. ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ದೇಶಗಳ ಸಾಲದ ಬಗ್ಗೆ ಬರೆದಾಗ ಸಿಟ್ಟು ಜಾಸ್ತಿ, ವಿವರ ಕಮ್ಮಿ. ಆದರೆ ರೋಗಿಯ ಪಕ್ಕ ನಿಂತವರು ಮಾತ್ರ ಬರೆಯಬಲ್ಲಂಥವೂ ಇದ್ದವು. 1971ರ ಬಾಂಗ್ಲಾದೇಶ ಯುದ್ಧದ ನಿರಾಶ್ರಿತರ ಶಿಬಿರದ ಬಗ್ಗೆ ಬರೆದದ್ದು ಅಂಥದ್ದು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ಇಡಿಸಿದರು. ಕುಡಿಸಿದ್ದು ರೋಗಿಗಳ ಮನೆಯವರೇ. ಲೇಖನದಲ್ಲಿ ಮೇಡಂ ಹೆಚ್ಚು ಜಾಗ ಕೊಟ್ಟಿದ್ದು ಆ ಮನೆಯವರಿಗೆ. ವಾಂತಿ ಮಾಡಿದ ಮಗುವಿಗೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಹಿಡಿಯೋಕೆ ಎಷ್ಟು ತಾಳ್ಮೆ ಬೇಕು ಅಂತ ಮೇಡಂಗೆ ಗೊತ್ತಿತ್ತು.

ನನಗೂ ಅವರಿಗೂ ಜಗಳವಾಗಿದ್ದು ನರ್ಸ್‌ಗಳ ವಲಸೆಯ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಪ್ರಕಾರ ಜಗತ್ತಿನಲ್ಲಿ ಇದ್ದ ನರ್ಸ್‌ಗಳು ಸುಮಾರು 2 ಕೋಟಿ 79 ಲಕ್ಷ, ಕೊರತೆ 59 ಲಕ್ಷ. ಆ ಕೊರತೆಯ ಬಹುಪಾಲು ಬಡ ದೇಶಗಳಲ್ಲೇ. ಎಂಟು ನರ್ಸ್‌ಗಳಲ್ಲಿ ಒಬ್ಬರು ಹುಟ್ಟಿದ ಅಥವಾ ಓದಿದ ದೇಶ ಬಿಟ್ಟು ಬೇರೆ ಕಡೆ ಕೆಲಸದಲ್ಲಿದ್ದರು. ಶ್ರೀಮಂತ ದೇಶಗಳು ತಮ್ಮಲ್ಲಿ ಸಾಕಷ್ಟು ಜನರನ್ನು ತಯಾರು ಮಾಡದೆ, ಬಡವರು ಓದಿಸಿದವರನ್ನು ಕರೆಸಿಕೊಳ್ಳುತ್ತಿವೆ ಅಂತ ಮೇಡಂ ಖಾರವಾಗಿ ಬರೆದರು. 2010ರಲ್ಲಿ ಇಂಥ ನೇಮಕಾತಿಗೆ ಒಂದು ಜಾಗತಿಕ ನೀತಿ ಸಂಹಿತೆ ಬಂದಿದ್ದರೂ ಅದು ಪಾಲಿಸಲೇಬೇಕಾದ ಕಾನೂನಲ್ಲ ಅನ್ನುವುದು ಅವರ ತಕರಾರು.

ಆಗ ನಾನೇ ಹೊರದೇಶದಲ್ಲಿದ್ದೆ. ಅಲ್ಲಿಗೆ ಹೋಗೋಕೆ ಶಿಫಾರಸು ಪತ್ರ ಬರೆದುಕೊಟ್ಟವರೂ ಅವರೇ! ಫೋನ್ ಮಾಡಿ ರೇಗಿದೆ. ಸಂಬಳ ಇಲ್ಲ, ಮರ್ಯಾದೆ ಇಲ್ಲ, ಒಬ್ಬಳಿಗೆ ಒಂದು ಇಡೀ ವಾರ್ಡು, ಯಾಕೆ ಉಳೀಬೇಕು ಅಂತ ಕೇಳಿದೆ. "ನಿನ್ನ ಮೇಲೆ ಬರೆದಿಲ್ಲ ಕಣೇ. ನೀನು ಹೋಗಿದ್ದು ಸರಿ. ನಿನ್ನ ಓದಿನ ಖರ್ಚನ್ನ ಅವರು ಇಲ್ಲಿಗೆ ಯಾಕೆ ವಾಪಸ್ ಕೊಡಲ್ಲ? ನಾನು ಕೇಳ್ತಿರೋದು ಅದು" ಅಂದರು. ಆಮೇಲೆ, ಈಗ ಹೇಳಿದ್ದನ್ನೆಲ್ಲ ಬರೆದು ಕಳಿಸು ಅಂದರು. ಕಳಿಸಿದೆ. ಮುಂದಿನ ಲೇಖನದಲ್ಲಿ ನನ್ನ ಪತ್ರವನ್ನು ಹೆಸರು ತೆಗೆದು ಪೂರ್ತಿ ಹಾಕಿ, ಕೆಳಗೆ ಉತ್ತರ ಕೊಟ್ಟಿದ್ದರು. ಸಂಬಳದ ವಿಷಯದಲ್ಲಿ ನಾನು ಹೇಳಿದ್ದನ್ನು ಒಪ್ಪಿದ್ದರು. ಉಳಿದದ್ದನ್ನು ಒಪ್ಪಿರಲಿಲ್ಲ.