ಮಾವಿನ ಚಿಗುರಿನ ಬಣ್ಣದ ಸೈಕಲ್

ಸೈಕಲ್ ಫ್ರೇಮಿಗೆ ಬಣ್ಣ ಆರಿಸುವಾಗ ದಯವಿಟ್ಟು ಫೋನ್ ನೋಡಿ ಆರಿಸಬೇಡಿ. ಶೇಡ್ ಕಾರ್ಡ್ ನೋಡಿಯೂ ಬೇಡ. ಒಂದು ಅಡಿ ಪೈಪಿಗೆ ಆ ಬಣ್ಣ ಹೊಡೆಸಿ, ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿ, ಮೂರು ದಿನ ನೋಡಿ. ನನಗೆ ಇದು ಗೊತ್ತಾಗುವ ಹೊತ್ತಿಗೆ ಒಂದು ಸಲ ಬಣ್ಣ ಹೊಡೆಸಿ, ಅದನ್ನು ಕಿತ್ತು, ಎರಡನೇ ಸಲಕ್ಕೆ ಬಂದಿದ್ದೆ.

ಫ್ರೇಮ್ ಹಳೆಯದು. ಮಲ್ಲೇಶ್ವರದಲ್ಲಿ ಒಬ್ಬರು ಮನೆ ಖಾಲಿ ಮಾಡುವಾಗ ಕೊಂಡಿದ್ದೆ. ಸ್ಟೀಲ್, ಅದರಲ್ಲೂ ಲಗ್ ಇರುವಂಥದ್ದು. ಲಗ್ ಅಂದರೆ ಪೈಪುಗಳು ಸೇರುವ ಕಡೆ ತೋಳಿನ ಹಾಗೆ ಕೂರುವ ತುಂಡು. ಪೈಪನ್ನು ಅದರೊಳಗೆ ತೂರಿಸಿ, ಹಿತ್ತಾಳೆ ಅಥವಾ ಬೆಳ್ಳಿಯ ಬೆಸುಗೆ ಹರಿಸುತ್ತಾರೆ. ನನ್ನ ಫ್ರೇಮಿನ ಲಗ್ಗುಗಳ ತುದಿ ವೀಳ್ಯದೆಲೆಯ ಹಾಗೆ ಚೂಪಾಗಿ ಇಳಿಯುತ್ತದೆ, ಯಾರೋ ಕೂತು ಅರ ಹಾಕಿ ಉಜ್ಜಿ ಮಾಡಿದ ಅಂಚು ಅದು. ಆ ಅಂಚಿಗಾಗಿಯೇ ನಾನು ಕೊಂಡದ್ದು.

ಮೊದಲ ಸಲ ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡಿಸಿದೆ. ಪೌಡರ್ ಕೋಟಿಂಗ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಊದುತ್ತಾರೆ, ಅದು ಫ್ರೇಮಿಗೆ ತಾನಾಗಿ ಅಂಟಿಕೊಳ್ಳುತ್ತದೆ, ಆಮೇಲೆ 180–200 ಡಿಗ್ರಿ ಓವನ್‌ನಲ್ಲಿ ಕರಗಿ ಗಟ್ಟಿಯಾಗುತ್ತದೆ. ಆ ಬಿಸಿಗೆ ಬೆಸುಗೆಗೆ ಏನೂ ಆಗುವುದಿಲ್ಲ. ಗೀರಿಗೆ, ಕಲ್ಲೇಟಿಗೆ ಒಳ್ಳೇ ತಡೆತ. ದಿನಾ ಆಫೀಸಿಗೆ ಓಡಿಸಿ, ಬೇಸ್‌ಮೆಂಟಿನಲ್ಲಿ ಹತ್ತು ಬೈಕುಗಳ ಮಧ್ಯೆ ತುರುಕಿ ನಿಲ್ಲಿಸುವ ಸೈಕಲ್ಲಾದರೆ ಅದೇ ಸರಿ. ಆದರೆ ಪದರ ದಪ್ಪ. ನನ್ನ ಲಗ್ಗಿನ ಅಂಚುಗಳು ಚಳಿಗೆ ಕಂಬಳಿ ಹೊದ್ದ ಹಾಗೆ ಮುಚ್ಚಿಹೋದವು. ಹಿಂದಿನ ಚಕ್ರದ ಹತ್ತಿರದ ಇಕ್ಕಟ್ಟು ಮೂಲೆಗಳಲ್ಲಿ ಪುಡಿ ಸರಿಯಾಗಿ ಹೋಗಿರಲೇ ಇಲ್ಲ. ಚಾರ್ಜ್ ಆದ ಪುಡಿ ಹತ್ತಿರದ ಅಂಚಿಗೇ ಹಾರಿ ಕೂರುತ್ತದೆ, ಒಳಮೂಲೆಗೆ ನುಗ್ಗುವುದು ಕಷ್ಟ.

ಅದಕ್ಕಿಂತ ದೊಡ್ಡ ನೋವು ಬೇರೆ. ಪೆಡಲ್ ಆಕ್ಸೆಲ್ ಕೂರುವ ಬಿಬಿ (ಬಾಟಮ್ ಬ್ರಾಕೆಟ್) ಶೆಲ್ಲಿನ ಒಳಗೆ ಮುಚ್ಚಳ ಹಾಕದೆ ಹೊಡೆದಿದ್ದರು. 68 ಮಿ.ಮೀ. ಶೆಲ್, ಒಳಗೆ ಇಂಚಿಗೆ 24 ಸುತ್ತಿನ ಸಣ್ಣ ಥ್ರೆಡ್. ಅದರ ತುಂಬಾ ಗಟ್ಟಿ ಪ್ಲಾಸ್ಟಿಕ್. ಹೆಡ್ ಟ್ಯೂಬು, ಅಂದರೆ ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಪೈಪು, ಅದರ ಒಳಗೂ ಅದೇ ಕಥೆ. ಕೆಳಗೆ ಕೊರೆದಿದ್ದ ಫ್ರೇಮ್ ನಂಬರ್ ಸಹ ಕಾಣದ ಹಾಗೆ ತುಂಬಿಹೋಗಿತ್ತು. ತಪ್ಪಲ್ಲಿ ನನ್ನ ಪಾಲೂ ಇದೆ, ಎಲ್ಲೆಲ್ಲಿ ಮುಚ್ಚಬೇಕು ಅಂತ ನಾನು ಬರೆದು ಕೊಟ್ಟಿರಲಿಲ್ಲ. ಗೇಟು, ಗ್ರಿಲ್ ಹೊಡೆಯುವವರಿಗೆ ಸೈಕಲ್ಲಿನ ಒಳಗಿನ ಸಂಗತಿ ಹೇಗೆ ಗೊತ್ತಿರಬೇಕು? ನೀವು ಕೊಡುವಾಗ ಬಿಬಿಗೆ ಹಳೇ ಬೇರಿಂಗ್ ಕಪ್‌ಗಳನ್ನು ತಿರುಗಿಸಿ ಹಾಕಿಯೇ ಕೊಡಿ. ಹೆಡ್ ಟ್ಯೂಬಿನ ಎರಡೂ ಬಾಯಿ, ಸೀಟ್ ಪೋಸ್ಟ್ ಇಳಿಯುವ ತೂತು, ಚಕ್ರದ ನಟ್ಟು ಕಚ್ಚುವ ಜಾಗ, ಬಾಟಲ್ ಸ್ಟ್ಯಾಂಡಿನ ಸ್ಕ್ರೂ ತೂತು, ಎಲ್ಲಕ್ಕೂ ಚಾಕ್‌ಪೀಸಿನಿಂದ ಗುರುತು ಹಾಕಿ, ಫೋಟೋ ತೆಗೆದು ಕಳಿಸಿ, ಬಾಯಲ್ಲೂ ಹೇಳಿ. ಮೂರೂ ಮಾಡಿ.

ಎರಡನೇ ಸಲ ನಮ್ಮ ಹನುಮಂತನಗರದ ಕಡೆಯ ಒಂದು ಟಿಂಕರಿಂಗ್, ಪೇಂಟಿಂಗ್ ಶೆಡ್ಡಿಗೆ ಹೋದೆ. ಕಾರಿಗೆ ಹೊಡೆಯುವ ಪೇಂಟು. ಅಲ್ಲಿಯ ಪೇಂಟರ್ ಅಣ್ಣ ಫ್ರೇಮನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಸಾರ್, ಇದು ಬಾನೆಟ್ ಅಲ್ಲ, ಎಲ್ಲಾ ದುಂಡಗಿದೆ, ಅರ್ಧ ಪೇಂಟು ಗಾಳಿಗೇ ಹೋಗುತ್ತೆ’ ಅಂದರು. ‘ಹೋಗ್ಲಿ ಅಣ್ಣ, ತೆಳ್ಳಗೆ ಹೊಡೀರಿ, ಅಂಚು ಕಾಣಬೇಕು’ ಅಂದೆ. ಒಪ್ಪಿಕೊಂಡರು.

ಇನ್ನು ಬಣ್ಣ. ನಮ್ಮ ಮನೆ ಹಿಂದೆ ಒಂದು ಮಾವಿನ ಮರ ಇದೆ. ಫೆಬ್ರವರಿಯಲ್ಲಿ ಅದು ಚಿಗುರಿದಾಗ ನೋಡಬೇಕು. ಕೆಂಪು ಅನ್ನೋಣ ಅಂದರೆ ತಾಮ್ರ, ತಾಮ್ರ ಅನ್ನೋಣ ಅಂದರೆ ಒಳಗೆಲ್ಲೋ ಹಸಿರು. ಎಲೆ ಇನ್ನೂ ಜೋತುಬಿದ್ದಿರುತ್ತದೆ, ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ನನಗೆ ಅದೇ ಬೇಕಿತ್ತು. ಒಂದು ಗೊಂಚಲು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಜೆ.ಸಿ. ರಸ್ತೆಯ ಕಾರ್ ಪೇಂಟ್ ಅಂಗಡಿಗೆ ಒಯ್ದೆ. ಅಲ್ಲಿ ಹೋಗಿ ಬಿಚ್ಚಿದರೆ ಬಾಡಿ ಕಪ್ಪಾಗಿತ್ತು.

ಅಮ್ಮನಿಗೆ ಹೇಳಿದೆ. ‘ಅದಕ್ಯಾಕೋ ಎಲೆ ಹೊತ್ಕೊಂಡು ಹೋದೆ, ಆ ಬಣ್ಣದ ಸೀರೇನೇ ಇದೆಯಲ್ಲ’ ಅಂತ ಬೀರುವಿನಿಂದ ಒಂದು ರೇಷ್ಮೆ ಸೀರೆ ತೆಗೆದರು. ಹಾಸಿಗೆ ಕೆಂಪು ನೂಲು, ಹೊಕ್ಕಿಗೆ ಹಸಿರು ನೂಲು. ಮಡಿಕೆ ತಿರುಗಿಸಿದರೆ ಬಣ್ಣ ತಿರುಗುತ್ತದೆ. ಕಾರಿನ ಪರ್ಲ್ ಪೇಂಟಿನಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಇದೇ, ಅಲ್ಲಿ ನೂಲಿನ ಬದಲು ಅಭ್ರಕದ ಸಣ್ಣ ಚೂರುಗಳು ಬೆಳಕನ್ನು ತಿರುಗಿಸುತ್ತವೆ. ಮರುದಿನ ಸೀರೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಮಿಕ್ಸ್ ಮಾಡುವ ಹುಡುಗ ಕೈ ಒರೆಸಿಕೊಂಡು, ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ತಕ್ಕಡಿ ಮೇಲೆ ಡಬ್ಬಿ ಇಟ್ಟು, ಮರೂನು, ಸ್ವಲ್ಪ ಹಳದಿ, ತಾಮ್ರದ ಪರ್ಲ್, ಕೊನೆಗೆ ಹಸಿರು ಪರ್ಲ್ ಒಂದೊಂದೇ ಹನಿ ಬಿಟ್ಟ. ಕಡ್ಡಿಯಲ್ಲಿ ಎತ್ತಿ ರಟ್ಟಿನ ಮೇಲೆ ಸವರಿದ. ರಟ್ಟಿನ ಮೇಲೆ ಪಕ್ಕಾ ಅದೇ ಬಣ್ಣ.

ಪೈಪಿನ ಮೇಲೆ ಮಾತ್ರ ಅದೇ ಬಣ್ಣ ಅಲ್ಲ! ಒಂದಿಂಚಿನ ಪೈಪಿಗೆ ಹೊಡೆಸಿ ತಂತಿಗೆ ನೇತುಹಾಕಿದರೆ, ಬೆಳಗಿನ ಬಿಸಿಲಲ್ಲಿ ಚೆಂದ, ಮಧ್ಯಾಹ್ನ ಮರದ ನೆರಳಲ್ಲಿ ಹುಣಸೆಹಣ್ಣಿನ ಬಣ್ಣ, ರಾತ್ರಿ ಬೀದಿಯ ಎಲ್‌ಇಡಿ ದೀಪದಲ್ಲಿ ಪೂರ್ತಿ ಕಪ್ಪು. ಯಾಕೆ ಅಂದರೆ ದುಂಡಗಿನ ಮೇಲ್ಮೈಯಲ್ಲಿ ಬೆಳಕು ಸಿಗುವುದು ಒಂದು ಪಟ್ಟಿಯಷ್ಟು ಜಾಗಕ್ಕೆ ಮಾತ್ರ, ಅದರ ಎರಡೂ ಕಡೆ ನೆರಳು. ಹಳೇ ಸ್ಟೀಲ್ ಫ್ರೇಮುಗಳ ಪೈಪು ಬೇರೆ ಸಣ್ಣ, ಮೇಲಿನದು 25.4 ಮಿ.ಮೀ., ಕೆಳಗಿನದು 28.6. ಅಷ್ಟು ಸಣ್ಣ ಪೈಪಿನಲ್ಲಿ ಗಾಢ ಬಣ್ಣ ಎಲ್ಲಾ ಒಂದೇ ಥರ ಕಾಣುತ್ತದೆ. ಅದಕ್ಕೇ ನಿಮಗೆ ಇಷ್ಟವಾದದ್ದಕ್ಕಿಂತ ಒಂದು ಮಟ್ಟ ತಿಳಿಯಾದದ್ದನ್ನೇ ಆರಿಸಿ. ನಾನು ಮತ್ತೆ ಹೋಗಿ ಹಳದಿ, ತಾಮ್ರ ಎರಡೂ ಜಾಸ್ತಿ ಹಾಕಿಸಿದೆ. ಎರಡನೇ ಪೈಪು ಮೂರು ದಿನವೂ ಚಿಗುರಿನ ಹಾಗೇ ಇತ್ತು.

ಮ್ಯಾಟ್ ಬೇಕಾ ಗ್ಲಾಸಿ ಬೇಕಾ ಅಂತ ಕೇಳಿದರು. ಮ್ಯಾಟ್ ಈಗ ಎಲ್ಲರಿಗೂ ಇಷ್ಟ, ಆದರೆ ನಮ್ಮೂರಿನ ಧೂಳಿಗೆ, ಚೈನಿನ ಗ್ರೀಸಿಗೆ ಅದು ಬೇಗ ಕೊಳೆಯಾಗುತ್ತದೆ, ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯಲೂ ಆಗದು. ಗ್ಲಾಸಿ ಅಂದೆ.

ಹಳೇ ಬಣ್ಣ ಕಿತ್ತ ಸ್ಟೀಲನ್ನು ಒಂದು ರಾತ್ರಿ ಹಾಗೇ ಬಿಟ್ಟರೂ ಬೆಳಿಗ್ಗೆ ಕೆಂಪು ಪುಡಿ ಕಾಣುತ್ತದೆ, ಅವತ್ತೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಮಳೆ ದಿನ ಹೊಡೆಸಬೇಡಿ, ಹೊಳಪು ಮಂಕಾಗುತ್ತದೆ. ಇನ್ನೊಂದು ಮಾತು, ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ, ಅದನ್ನು ಗಟ್ಟಿಯಾಗಿಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಒಳ್ಳೇ ಮಾಸ್ಕಿಗೆ ನಿಮ್ಮ ಬಜೆಟ್ಟಿನಲ್ಲಿ ಜಾಗ ಇಡಿ, ಅದನ್ನು ಪೇಂಟರ್ ಕೈಗೆ ನೀವೇ ಕೊಡಿ.

ಹೆಡ್ ಟ್ಯೂಬಿಗೆ ಮಾತ್ರ ಕೆನೆ ಬಣ್ಣ. ಅದು ಮುಖ ಇದ್ದ ಹಾಗೆ, ಅಲ್ಲೊಂದು ತಿಳಿ ಬಣ್ಣ ಇದ್ದರೆ ಲಗ್ಗಿನ ಆಕಾರ ಎದ್ದು ಕಾಣುತ್ತದೆ. ಆಮೇಲೆ ಲಗ್ಗಿನ ಅಂಚಿಗೆ ಗೆರೆ. ಹಳೇ ಕಪ್ಪು ಸೈಕಲ್ಲುಗಳಲ್ಲಿ ಬಂಗಾರದ ಬಣ್ಣದ ಗೆರೆ ಇರುತ್ತಿತ್ತಲ್ಲ, ಅದೇ ಕೆಲಸ. ಇದಕ್ಕೆ ನಂಬರ್ ಪ್ಲೇಟ್ ಬರೆಯುವ ಹಿರಿಯರೊಬ್ಬರನ್ನು ಹಿಡಿದೆ. ಕಿರುಬೆರಳನ್ನು ಪೈಪಿಗೆ ಊರಿ, ಉಸಿರು ಹಿಡಿದು, ಬ್ರಶ್ಶನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು. ಚೂಪು ತುದಿ ಬಂದಾಗ ನಿಲ್ಲಿಸಿ, ಬ್ರಶ್ ಎತ್ತಿ, ಇನ್ನೊಂದು ಕಡೆಯಿಂದ ಬಂದು ಅದೇ ಬಿಂದುವಿಗೆ ಸೇರಿಸಿದರು. ಗೆರೆ ಎಳೆಯುವುದು ಎನಾಮಲ್‌ನಲ್ಲಿ, ಅದೂ ಕ್ಲಿಯರ್ ಕೋಟ್ ಆದ ಮೇಲೆ. ಎನಾಮಲ್ ಮೇಲೆ ಕ್ಲಿಯರ್ ಹೊಡೆದರೆ ಸುಕ್ಕುಗಟ್ಟಬಹುದು.

ಮೇಲಿನ ಪೈಪಿನಲ್ಲಿ ಹೆಸರು ಕನ್ನಡದಲ್ಲೇ ಬೇಕು ಅಂದೆ. ‘ಏನು ಬರೀಲಿ?’ ಅಂದರು. ನನ್ನ ಮನಸ್ಸಿನಲ್ಲಿ ಎರಡು ಮೂರು ಹೆಸರಿದ್ದವು. ಅವರು ಪೈಪಿನ ಮೇಲೆ ಬೆರಳಿಟ್ಟು, ‘ನೋಡಿ ಸಾರ್, ಕಣ್ಣಿಗೆ ನೇರ ಕಾಣೋದು ಇಷ್ಟೇ ಅಗಲ. ಒತ್ತಕ್ಷರ ಇದ್ರೆ ಕೆಳಗೆ ಹೊಟ್ಟೆ ಕಡೆ ಜಾರಿಹೋಗುತ್ತೆ’ ಅಂದರು. ಎಷ್ಟು ನಿಜ! ಒತ್ತಿಲ್ಲದ ಹೆಸರು ಒಂದೇ ಉಳಿದಿತ್ತು, ‘ಚಿಗುರು’. 12 ಮಿ.ಮೀ. ಎತ್ತರದ ಅಕ್ಷರ, ಕೆನೆ ಬಣ್ಣ. ಕೊಂಬುಗಳು ಬಲಕ್ಕೆ ಸುತ್ತಿಕೊಂಡು ಪೈಪಿನ ಉದ್ದಕ್ಕೆ ಚೆನ್ನಾಗಿ ಕೂತಿವೆ.

ಜೋಡಿಸುವ ಮುಂಚೆ ಪೈಪುಗಳ ಒಳಗೆ ಅಗಸೆ ಎಣ್ಣೆ ಸುರಿದು, ತಿರುಗಿಸಿ, ಸೋರಲು ಬಿಟ್ಟೆ. ಸ್ಟೀಲ್ ಕೊಳೆಯುವುದು ಒಳಗಿನಿಂದ. ಬಿಬಿ ಕೆಳಗಿನ ನೀರಿಳಿಯುವ ತೂತನ್ನು ಪೇಂಟು ಮುಚ್ಚಿದ್ದರೆ ಬಿಡಿಸಿ. ಕೇಬಲ್ ಉಜ್ಜುವ ಕಡೆ ಪಾರದರ್ಶಕ ಟೇಪ್ ಅಂಟಿಸಿ. ಕಂದು ಚರ್ಮದ ಸೀಟು ಇಟ್ಟು ನೋಡಿದೆ, ಫ್ರೇಮಿನ ಪಕ್ಕದಲ್ಲಿ ಎರಡೂ ಜಗಳ ಆಡಿದ ಹಾಗಿತ್ತು, ತೆಗೆದು ಕಪ್ಪು ಹಾಕಿದೆ.

ಮಿಕ್ಕ ಪೇಂಟು ಒಂದು ಹಳೇ ಟಾನಿಕ್ ಬಾಟಲಿಯಲ್ಲಿದೆ, ಯಾವ ಬಣ್ಣ ಎಷ್ಟು ಗ್ರಾಂ ಅಂತ ಮೇಲೆ ಚೀಟಿ ಅಂಟಿಸಿದ್ದೇನೆ. ಫೋರ್ಕಿನ ತುದಿಗೂ ನಾಲ್ಕು ಬೆರಳಷ್ಟು ಕೆನೆ ಬಣ್ಣ ಹಾಕಿಸಬೇಕಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಸದ್ಯಕ್ಕೆ ಕೆನೆ ಬಣ್ಣದ ಕಾಗದ ಸುತ್ತಿ ನಿಲ್ಲಿಸಿದ್ದೇನೆ, ಅಮ್ಮ ಬೇಡ ಅನ್ನುತ್ತಿದ್ದಾರೆ, ಭಾನುವಾರದವರೆಗೆ ನೋಡುತ್ತೇನೆ.