25 ಕಿಲೋಡಾಲ್ಟನ್‌ನ ಪಟ್ಟೆ

ಆ ಪಟ್ಟೆ ಕಂಡ ಸಂಜೆ ಲ್ಯಾಬಿನವರಿಗೆಲ್ಲ ನಾನೇ ಕಾಫಿ ಕೊಡಿಸಿದ್ದೆ. ಆ ಕಾಫಿಯ ಮಾತನ್ನು ಇವತ್ತಿಗೂ ಎತ್ತಿ ಆಡುತ್ತಾರೆ.

ಕೋಶಕ್ಕೆ 'ಬೆಳೆ' ಎಂದು ಹೇಳುವ ಇಜಿಎಫ್ ಪ್ರೋಟೀನು ಬಂದು ಕೂತೊಡನೆ, ಕೋಶದ ಪೊರೆಯಲ್ಲಿ ಅದನ್ನು ಹಿಡಿಯುವ ರಿಸೆಪ್ಟರಿನ ಬಾಲದಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟುತ್ತದೆ. ಗ್ರಬ್2 ಎಂಬ ಪ್ರೋಟೀನು ತನ್ನ ಎಸ್‌ಎಚ್2 ಭಾಗದಿಂದ ಅದನ್ನು ಹಿಡಿಯುತ್ತದೆ, ಎಸ್‌ಎಚ್3 ಭಾಗಗಳಿಂದ ಸಾಸ್ ಪ್ರೋಟೀನನ್ನು ಎಳೆದು ತರುತ್ತದೆ. ಸಾಸ್ ಪೊರೆಯ ಬಳಿ ಬಂದರೆ ಅಲ್ಲಿರುವ ರಾಸ್ ಪ್ರೋಟೀನು ಎಚ್ಚರಗೊಳ್ಳುತ್ತದೆ, ಸುದ್ದಿ ಕೋಶದೊಳಗಿನ ಇಆರ್‌ಕೆ ಕಿಣ್ವದ ತನಕ ಹೋಗುತ್ತದೆ. ಗ್ರಬ್2 ಸ್ವತಃ ಕಿಣ್ವವಲ್ಲ. ಮದುವೆ ದಲ್ಲಾಳಿಯಂತೆ ಎರಡು ಕಡೆಯವರನ್ನು ಸೇರಿಸುವುದಷ್ಟೇ ಅದರ ಉದ್ಯೋಗ.

ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳನ್ನು ರಾತ್ರಿಯಿಡೀ ಸೀರಂ ಇಲ್ಲದೆ ಉಪವಾಸ ಕೆಡವಿ, ಐದು ನಿಮಿಷ ಇಜಿಎಫ್ ಕೊಟ್ಟು, ರಿಸೆಪ್ಟರಿನ ಐಪಿ ಮಾಡಿ (ಬೀಡ್‌ಗೆ ಅಂಟಿದ ಆಂಟಿಬಾಡಿಯಿಂದ ಅದನ್ನೂ ಅದಕ್ಕೆ ಅಂಟಿದ್ದನ್ನೂ ಹೊರಗೆಳೆದು), ತೂಕದ ಪ್ರಕಾರ ಜೆಲ್‌ನಲ್ಲಿ ಬಿಡಿಸಿ, ಇನ್ನೊಂದು ಆಂಟಿಬಾಡಿಯಿಂದ ಗ್ರಬ್2ಗೆ ಬ್ಲಾಟ್ ಹಾಕಿದೆ. ಇಜಿಎಫ್ ಕೊಡದ ಲೇನ್‌ನಲ್ಲೂ (ಜೆಲ್‌ನ ಸಾಲಿನಲ್ಲೂ) 25 ಕಿಲೋಡಾಲ್ಟನ್ ತೂಕದ ನೇರಕ್ಕೆ ದಪ್ಪ ಪಟ್ಟೆ! ಗ್ರಬ್2ನ ತೂಕವೂ ಅಷ್ಟೇ. ಕರೆ ಬರುವ ಮೊದಲೇ ದಲ್ಲಾಳಿ ಜಗಲಿಯ ಮೇಲೆ ಕೂತಿರುತ್ತಾನೆ ಎಂದು ಸಿದ್ಧಾಂತ ಕಟ್ಟಿ ಆರು ಸ್ಲೈಡ್ ಮಾಡಿದೆ.

ಐಜಿಜಿ ಕಂಟ್ರೋಲ್, ಅಂದರೆ ರಿಸೆಪ್ಟರನ್ನು ಹಿಡಿಯದ ಆಂಟಿಬಾಡಿಯಿಂದ ಮಾಡುವ ಹೋಲಿಕೆಯ ಐಪಿ, ಇರಲಿಲ್ಲ. ಅದರ ಕಡತ ಖರೀದಿ ವಿಭಾಗದಲ್ಲಿ ಎರಡು ತಿಂಗಳಿಂದ ಮಲಗಿತ್ತು. ಆದರೆ ಲೈಸೇಟ್ (ಒಡೆದ ಕೋಶಗಳ ರಸ) ಇಲ್ಲದೆ ಬರೀ ಬೀಡ್ ಮತ್ತು ಆಂಟಿಬಾಡಿಯ ಒಂದು ಲೇನ್ ಓಡಿಸಲು ಯಾರ ಸಹಿಯೂ ಬೇಕಿರಲಿಲ್ಲ.

ಸೋಮವಾರದ ಮೀಟಿಂಗ್, ಮೂರನೆಯ ಸ್ಲೈಡ್.

"ಐಪಿಗೆ ಯಾವ ಆಂಟಿಬಾಡಿ?"

"ಮೊಲದ್ದು, ಮೇಡಂ."

"ಬ್ಲಾಟ್‌ಗೆ?"

ಅದೂ ಮೊಲದ್ದೇ. ಹೇಳುವಷ್ಟರಲ್ಲಿ ನಾಲಿಗೆ ಒಣಗಿತ್ತು. ಪ್ರೊಜೆಕ್ಟರಿನ ಫ್ಯಾನ್ ಮಾತ್ರ ಗುಂಯ್ಗುಡುತ್ತಿತ್ತು.

"50ರ ಹತ್ತಿರ ಏನಿದೆ, ತೋರಿಸಿ."

ತೋರಿಸುವುದೇನನ್ನು? ಸ್ಲೈಡ್ ಚೆಂದ ಕಾಣಲೆಂದು ಆ ಭಾಗವನ್ನು ನಾನೇ ಕತ್ತರಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಚಿತ್ರ ಹುಡುಕಲು ಹಿಡಿದ ಎರಡು ನಿಮಿಷ ಯಾರೂ ಮಾತನಾಡಲಿಲ್ಲ. ತೆರೆದಾಗ 50ರಲ್ಲಿ ಆಂಟಿಬಾಡಿಯ ದೊಡ್ಡ ತುಂಡು, ಹೆವಿ ಚೈನ್, ಕಾಡಿಗೆಯಂತೆ ಹರಡಿಕೊಂಡಿತ್ತು. ಅದರ ಚಿಕ್ಕ ತುಂಡು, ಲೈಟ್ ಚೈನ್, 25ರಲ್ಲಿ ಬರುತ್ತದೆ ಎಂದು ಎಂಎಸ್ಸಿ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿದವನು ನಾನು. ಎರಡೂ ಮೊಲದ್ದಾದ್ದರಿಂದ ಬ್ಲಾಟ್ ಐಪಿಯ ಆಂಟಿಬಾಡಿಯನ್ನೂ ತೋರಿಸಿತ್ತು. ನನ್ನ ದಲ್ಲಾಳಿ ಅದೇ ಆಗಿತ್ತು.

ಬ್ಲಾಟ್‌ಗೆ ಇಲಿಯ ಆಂಟಿಬಾಡಿಯನ್ನು ಪಕ್ಕದ ಲ್ಯಾಬಿನಿಂದ ಕಡ ತಂದು ಮತ್ತೆ ಓಡಿಸಿದೆ. ಇಜಿಎಫ್ ಕೊಟ್ಟ ಲೇನ್‌ನಲ್ಲಿ ಮಾತ್ರ ತೆಳ್ಳನೆಯ ಗೆರೆ, ಪಠ್ಯಪುಸ್ತಕ ಹೇಳಿದಂತೆಯೇ. ಮುಂದಿನ ವಾರ ಐಜಿಜಿ ಬಂತು, ಐಸ್ ಪ್ಯಾಕ್‌ಗಳೆಲ್ಲ ಕರಗಿ ಬೆಚ್ಚಗಾಗಿದ್ದ ಪೆಟ್ಟಿಗೆಯಲ್ಲಿ.