ರಿಟರ್ನ್ ಪೈಪ್ ಹೊಸದು, ಆದರೂ ನೀಲಿ ಹೊಗೆ

ನನ್ನ ಹಳೆಯ ಡೀಸೆಲ್ ಕಾರಿನ ಟರ್ಬೊದಿಂದ (ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಫ್ಯಾನ್) ಆಯಿಲ್ ಕೆಳಗಿಳಿಯುವ ರಿಟರ್ನ್ ಪೈಪ್ ಬದಲಾಯಿಸಿ, ಎರಡೂ ತುದಿಗೆ ಹೊಸ ಗ್ಯಾಸ್ಕೆಟ್ ಕೂರಿಸಿ ಎಂಜಿನ್ ಸ್ಟಾರ್ಟ್ ಮಾಡಿದರೆ, ಸೈಲೆನ್ಸರ್‌ನಿಂದ ಮೊದಲಿಗಿಂತ ಜಾಸ್ತಿ ಹೊಗೆ. ನೀಲಿ ಬಣ್ಣ, ಸುಟ್ಟ ಆಯಿಲ್ ವಾಸನೆ. ಪಕ್ಕದಲ್ಲಿದ್ದ ಗೆಳೆಯ ನೋಡಿದ ತಕ್ಷಣ "ಟರ್ಬೊ ಹೋಯ್ತು ಕಣೋ, ಹೊಸದು ಹಾಕ್ಸು" ಅಂದ. ನನಗೆ ಹಾಗನ್ನಿಸಲಿಲ್ಲ. ಪೈಪ್ ಬಿಚ್ಚಿದಾಗಲೇ ಏರ್ ಫಿಲ್ಟರ್ ಕಡೆಯ ಹೋಸ್ ತೆಗೆದು ಟರ್ಬೊ ಶಾಫ್ಟನ್ನು ಬೆರಳಲ್ಲಿ ಹಿಡಿದು ನೋಡಿದ್ದೆ. ಮೇಲೆ ಕೆಳಗೆ ತುಸು ಅಲ್ಲಾಡುತ್ತಿತ್ತು, ಅಷ್ಟು ಇರಲೇಬೇಕು, ಆ ಸಂದಿನಲ್ಲೇ ಆಯಿಲ್ ನಿಲ್ಲೋದು. ಒಳಗೆ ಹೊರಗೆ ಎಳೆದರೆ ಏನೂ ಗೊತ್ತಾಗುತ್ತಿರಲಿಲ್ಲ. ಫ್ಯಾನಿನ ರೆಕ್ಕೆ ಎಲ್ಲೂ ಉಜ್ಜಿರಲಿಲ್ಲ. ಇಷ್ಟು ಗಟ್ಟಿಯಾಗಿರುವ ಟರ್ಬೊ ಒಂದು ಪೈಪ್ ಬದಲಾಯಿಸಿದ ಮಾತ್ರಕ್ಕೆ ಹೋಗಲ್ಲ ಅಲ್ವಾ?

ರಿಟರ್ನ್ ಪೈಪ್ ಅಂದರೆ ಸುಮ್ನೆ ಒಂದು ಕೊಳವೆ ಅಂದುಕೊಳ್ಳುವವರೇ ಜಾಸ್ತಿ. ಟರ್ಬೊಗೆ ಆಯಿಲ್ ಬರುವುದು ಸಣ್ಣ ಪೈಪಿನಲ್ಲಿ, ಪಂಪಿನ ಒತ್ತಡದಿಂದ. ನಿಮಿಷಕ್ಕೆ 1,00,000 ಸುತ್ತಿಗೂ ಮೀರಿ ತಿರುಗುವ ಶಾಫ್ಟನ್ನು ತೇಲಿಸಿ, ಬಿಸಿ ಹೀರಿಕೊಂಡು, ಗಾಳಿ ಬೆರೆತು ನೊರೆಯಾಗಿ ಹೊರಬರುತ್ತದೆ. ವಾಪಸ್ ಹೋಗುವಾಗ ತಳ್ಳಲು ಯಾವ ಪಂಪೂ ಇಲ್ಲ, ತನ್ನ ಭಾರಕ್ಕೇ ಇಳಿದು ಎಂಜಿನ್ ತಳದ ಆಯಿಲ್ ಚೇಂಬರ್ ಸೇರಬೇಕು. ಅದಕ್ಕೇ ರಿಟರ್ನ್ ಪೈಪ್ ದಪ್ಪ ಇರುತ್ತದೆ, ಆದಷ್ಟು ನೇರವಾಗಿ ಇಳಿಯುತ್ತದೆ. ನಲ್ಲಿ ಬಿಟ್ಟಿರುವ ಸಿಂಕಿನ ತೂತಿಗೆ ಕಸ ಸಿಕ್ಕಿದ ಹಾಗೆ, ಕೆಳಗಡೆ ಕಟ್ಟಿಕೊಂಡರೆ ಮೇಲೆ ತುಂಬಿಕೊಳ್ಳುತ್ತದೆ. ಆ ತುಂಬಿದ ಆಯಿಲನ್ನು ತಡೆಯಲು ಟರ್ಬೊ ಒಳಗೆ ರಬ್ಬರ್ ಸೀಲ್ ಇಲ್ಲ. ಪಿಸ್ಟನ್ ರಿಂಗ್ ತರಹದ ಲೋಹದ ಉಂಗುರಗಳಿವೆ, ಆಚೆ ಬದಿಯಲ್ಲಿ, ಅಂದರೆ ಟರ್ಬೊ ಚಕ್ರಗಳ ಕಡೆ, ಗಾಳಿ ಮತ್ತು ಹೊಗೆಯ ಒತ್ತಡದ ಸಹಾಯ ಇದ್ದರಷ್ಟೇ ಅವು ಕೆಲಸ ಮಾಡುತ್ತವೆ. ಆಯಿಲ್ ನಿಂತುಬಿಟ್ಟರೆ ಸೈಲೆನ್ಸರ್ ಕಡೆಗೋ, ಟರ್ಬೊ ತಳ್ಳಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಕಡೆಗೋ ನುಗ್ಗುತ್ತದೆ.

ನನ್ನ ಹಳೆಯ ಪೈಪ್ ಹೊರಗಿಂದ ಚೆನ್ನಾಗೇ ಕಾಣುತ್ತಿತ್ತು. ಒಳಗೆ ಸುಟ್ಟ ಆಯಿಲ್ ಇದ್ದಿಲಿನಂತೆ ಗಟ್ಟಿಯಾಗಿ, ಅರ್ಧಕ್ಕಿಂತ ಜಾಸ್ತಿ ದಾರಿ ಮುಚ್ಚಿತ್ತು.

ಹೊಸ ಪೈಪ್ ಹಾಕಿದ ಮೇಲೆ ಬಂದ ಹೊಗೆಯಲ್ಲಿ ಒಂದು ಪಾಲು ಹಳೆಯದು ಅಂತ ಖಾತ್ರಿಯಿತ್ತು. ಅಷ್ಟು ದಿನ ಸೋರಿದ ಆಯಿಲ್ ಸೈಲೆನ್ಸರ್ ಒಳಗೆಲ್ಲ ಅಂಟಿರುತ್ತದೆ, ಪೂರ್ತಿ ಬಿಸಿಯಾಗಿ ಸುಟ್ಟು ಹೋಗುವ ತನಕ ಹೊಗೆ ಬರಲೇಬೇಕು. ಜೋರಾಗಿ ಓಡಿಸುವ ಮೊದಲು ಮಾತ್ರ ಇಂಟರ್‌ಕೂಲರ್ ಬಿಚ್ಚಿ ಖಾಲಿ ಮಾಡಿದೆ. ಇದನ್ನು ಯಾರೂ ಬಿಡಬಾರದು. ಡೀಸೆಲ್ ಎಂಜಿನ್ ಅಲ್ಲಿ ನಿಂತ ಆಯಿಲನ್ನು ಎಳೆದುಕೊಂಡು ಅದನ್ನೇ ಇಂಧನ ಮಾಡಿಕೊಂಡರೆ ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ತಾನೇ ತಾನಾಗಿ ರೇಸ್ ಆಗಿ ಒಡೆದು ಹೋಗಬಹುದು.

ಆಮೇಲೆ ದೂರ ಓಡಿಸಿದೆ. ಮೊದಲು ಮೋಡದಂತೆ ಎದ್ದ ಹೊಗೆ ನಿಧಾನಕ್ಕೆ ತೆಳ್ಳಗಾಯಿತು, ಏರಿನಲ್ಲಿ ಒತ್ತಿದರೂ ಹಿಂದೆ ಶುದ್ಧವಾಗಿತ್ತು. ಆದರೆ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದರೆ ಮತ್ತೆ ಭುಸ್ಸಂತ ನೀಲಿ ಹೊಗೆ. ಹೊಗೆ ಯಾವಾಗ ಬರುತ್ತದೆ ಅನ್ನುವುದು ಅದರ ಬಣ್ಣದಷ್ಟೇ ಮುಖ್ಯ. ಮೇಲಿನ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿದ್ದರೆ ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಉಗುಳಿ ಸುಮ್ಮನಾಗುತ್ತದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಭಾರ ಎಳೆಯುವಾಗ ಜಾಸ್ತಿ. ಐಡ್ಲಿಂಗ್‌ನಲ್ಲಿ ಟರ್ಬೊ ಚಕ್ರಗಳ ಕಡೆಯ ಒತ್ತಡ ತೀರಾ ಕಡಿಮೆ, ಆ ಉಂಗುರಗಳಿಗೆ ಸಹಾಯ ಸಿಗದ ಹೊತ್ತು ಅದು. ಹಾಗಾದರೆ ಆಯಿಲ್ ಇನ್ನೂ ಟರ್ಬೊದಲ್ಲೇ ನಿಲ್ಲುತ್ತಿದೆ.

ಊಹೆ ಸಾಲದು ಅಂತ ಎಂಜಿನ್ ತಣ್ಣಗಾದ ಮೇಲೆ ಟರ್ಬೊದ ಹಿಂದಿನ ಪೈಪ್ ಬಿಚ್ಚಿದೆ. ಟರ್ಬೈನ್ ಚಕ್ರದ (ಹೊಗೆ ತಿರುಗಿಸುವ ಚಕ್ರ) ಹೊರಬಾಯಿ ಒದ್ದೆ. ಟರ್ಬೊವನ್ನೂ ಇಳಿಸಿ, ಸಿಲಿಂಡರ್‌ಗಳ ಹೊಗೆಯನ್ನು ಟರ್ಬೊಗೆ ತರುವ ಮ್ಯಾನಿಫೋಲ್ಡ್ ಒಳಗೆ ಟಾರ್ಚ್ ಬಿಟ್ಟರೆ ಅಲ್ಲಿ ಒಣ ಮಸಿ, ಒಂದು ಹನಿ ಆಯಿಲ್ ಇಲ್ಲ. ಸಿಲಿಂಡರ್‌ನಿಂದ ಬಂದಿದ್ದರೆ ಇಲ್ಲೂ ಒದ್ದೆ ಇರಬೇಕಿತ್ತು. ಹೊಗೆಯ ಮೂಲ ಹುಡುಕಲು ಇದಕ್ಕಿಂತ ನಂಬಿಕೆಯ ಪರೀಕ್ಷೆ ನಾನು ಕಂಡಿಲ್ಲ, ಕೆಲಸ ಜಾಸ್ತಿ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ.

ರಿಟರ್ನ್ ಗ್ಯಾಸ್ಕೆಟ್ ತೂತು ಸರಿಯಾಗಿ ಕೂತಿತ್ತು. ಪೇಸ್ಟ್ ಹಚ್ಚಿರಲಿಲ್ಲ, ಆ ಜಾಗಕ್ಕೆ ಹಚ್ಚಲೂ ಬಾರದು, ಒಳಗೆ ಉಬ್ಬಿ ದಾರಿ ಮುಚ್ಚುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿರಲಿಲ್ಲ. ಎಲ್ಲ ವಾಪಸ್ ಕೂರಿಸಿ, ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದೆ. ಗಾಳಿ ಅದನ್ನು ಎತ್ತಿ ಎಸೆಯುವಷ್ಟು ನುಗ್ಗಿತು. ಗೆಳೆಯ "ಬ್ಯಾಕ್ ಕಂಪ್ರೆಷನ್, ರಿಂಗ್ ಹೋಗಿದೆ, ಎಂಜಿನ್ ಕೆಲಸ ಬಂತು" ಅಂದ, ಅಂದರೆ ಸಿಲಿಂಡರಿನ ಅನಿಲ ಸವೆದ ರಿಂಗ್ ದಾಟಿ ಕೆಳಗೆ ನುಗ್ಗುತ್ತಿದೆ ಅಂತ. ನಾನು ಮುಚ್ಚಳ ಹಾಕಿ, ಎಂಜಿನ್ ಒಳಗಿನ ಆವಿಯನ್ನು ಟರ್ಬೊ ಗಾಳಿ ಎಳೆಯುವ ಕಡೆಗೆ ಒಯ್ಯುವ ಬ್ರೀದರ್ ಹೋಸಿನ ತುದಿ ಕಳಚಿ ಕೈ ಇಟ್ಟು ನೋಡಿದೆ. ಮುಚ್ಚಳದಲ್ಲಿ ಅಷ್ಟು ರಭಸ, ಇಲ್ಲಿ ಉಸಿರೇ ಇಲ್ಲ! ಎಂಜಿನ್ ಒಳಗಿನ ಗಾಳಿ ಹೊರಹೋಗಬೇಕಾದ ದಾರಿಯಲ್ಲಿ ಆಯಿಲ್ ಸೋಸುವ ಡಬ್ಬಿ ಜಿಡ್ಡಿನಿಂದ ಕಟ್ಟಿಕೊಂಡಿತ್ತು. ಹೊರಗೆ ಹೋಗಲಾಗದ ಗಾಳಿ ಚೇಂಬರ್ ಒಳಗೆ ಒತ್ತಡ ಕಟ್ಟಿ, ರಿಟರ್ನ್ ಪೈಪಿನಲ್ಲಿ ಇಳಿಯಬೇಕಾದ ಆಯಿಲನ್ನು ಕೆಳಗಿಂದ ತಡೆದು ಹಿಡಿದಿತ್ತು. ಪೈಪ್ ಎಷ್ಟೇ ಹೊಸದಿದ್ದರೂ ಕೆಳಗಿಂದ ಗಾಳಿ ಎದುರು ತಳ್ಳುತ್ತಿದ್ದರೆ ಆಯಿಲ್ ಇಳಿಯುವುದು ಹೇಗೆ? ಅಲ್ಲಿಗೆ ಹೊಸ ಟರ್ಬೊ ಹಾಕಿದ್ದರೆ ಅದೂ ಹೀಗೇ ಹೊಗೆ ಬಿಡುತ್ತಿತ್ತು. ಹೀಗೆ ಎಷ್ಟು ಒಳ್ಳೆಯ ಟರ್ಬೊಗಳು ಗುಜರಿ ಸೇರಿವೆಯೋ ಅಂತ ನಿಜಕ್ಕೂ ಬೇಜಾರಾಗುತ್ತದೆ.

ಡಬ್ಬಿ ಬದಲಾಯಿಸಿ, ಹೋಸ್ ತೊಳೆದು ಹಾಕಿದೆ. ಈಗ ಮುಚ್ಚಳ ತೆಗೆದರೆ ಡೀಸೆಲ್ ಎಂಜಿನ್ನಿಗೆ ಸಹಜವಾದಷ್ಟು ಸಣ್ಣ ಆವಿ ಮಾತ್ರ. ಉಳಿದ ಆಯಿಲ್ ಸುಡುವ ತನಕ ಓಡಿಸಿ, ಐಡ್ಲಿಂಗ್‌ನಲ್ಲಿ ಬೇಕಂತಲೇ ಹೊತ್ತು ಬಿಟ್ಟು ಒತ್ತಿದೆ, ನೀಲಿ ಇಲ್ಲ. ಕೆಲವು ವಾರದ ನಂತರ ಮತ್ತೆ ಬಿಚ್ಚಿ ನೋಡಿದಾಗ ಟರ್ಬೈನ್ ಬಾಯಿ ಒಣಗಿತ್ತು. ಇಂಟರ್‌ಕೂಲರ್ ಹೋಸಿನಲ್ಲಿ ತೆಳುವಾದ ಜಿಡ್ಡು ಇನ್ನೂ ಇದೆ, ಅದು ಬ್ರೀದರ್ ಆವಿಯದು, ಅಷ್ಟಕ್ಕೆ ಹೆದರಬೇಕಿಲ್ಲ.